ಮೇಲಿನ ಕೆರೆಗೆ ಅತ್ತೆ ಹೋದದ್ದು

ನನ್ನ ಅತ್ತೆ ತುಮಕೂರಿನ ಒಂದು ಸರ್ಕಾರಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಮೇಡಂ ಆಗಿದ್ದವರು. ಖೋಖೋ ಆಡಿಸುತ್ತಿದ್ದರು. ಐದಡಿಗೂ ಕಡಿಮೆ ಎತ್ತರ, ಕಡ್ಡಿಯಂಥ ಮೈ. ಗಂಟಲು ಮಾತ್ರ ಮೈದಾನದ ಆ ತುದಿಗೂ ಕೇಳಿಸುವಂಥದ್ದು. ಮಾವ ತೀರಿಕೊಂಡ ಮೇಲೆ ವರ್ಷದಲ್ಲಿ ನಾಲ್ಕೈದು ತಿಂಗಳು ನೈರೋಬಿಗೆ ಬಂದು ನಮ್ಮ ಜೊತೆ ಇರುತ್ತಾರೆ. ಅಲ್ಲಿಯ ಸೌತ್ ಬಿ ಬಡಾವಣೆಯಲ್ಲಿ ನಮ್ಮ ಮನೆ ನಾಲ್ಕನೇ ಮಹಡಿಯಲ್ಲಿದೆ. ಲಿಫ್ಟ್ ಇದೆ. ಅತ್ತೆ ಅದರೊಳಗೆ ಕಾಲಿಟ್ಟದ್ದನ್ನು ನಾನು ನೋಡಿಲ್ಲ.

ಯಾರನ್ನೂ ಏನನ್ನೂ ಕೇಳುವ ಅಭ್ಯಾಸವಿಲ್ಲದ ಅವರಿಗೆ ಒಂದೇ ಒಂದು ಆಸೆಯಿತ್ತು, ಮಾನಸ ಸರೋವರ. ಮೊದಲ ಸಲ ಅರ್ಜಿ ಹಾಕಿದಾಗ ಲಾಟರಿಯಲ್ಲಿ ಹೆಸರು ಬರಲಿಲ್ಲ. ಎರಡನೇ ಸಲ ಬಂತು, ಆದರೆ ಮಾವ ಆಸ್ಪತ್ರೆಯಲ್ಲಿದ್ದರು. ಆಮೇಲೆ ಕೊರೋನ ಬಂದು ಯಾತ್ರೆಯೇ ನಿಂತುಹೋಯಿತು. ಮತ್ತೆ ಶುರುವಾಗಿದೆ ಎಂದು ತಿಳಿದ ದಿನ ನಾನೇ ಲ್ಯಾಪ್‌ಟಾಪ್ ಮುಂದೆ ಕೂತು ಅವರ ಅರ್ಜಿ ತುಂಬಿಸಿದೆ. ಹುಟ್ಟಿದ ದಿನ ಒತ್ತಿದ ಕೂಡಲೇ ಕೆಂಪಕ್ಷರ ಬಂತು. ಎಪ್ಪತ್ತು ದಾಟಿದವರಿಗೆ ಅವಕಾಶವಿಲ್ಲ. ಅತ್ತೆಗೆ ಆಗ ಎಪ್ಪತ್ತೊಂದು.

"ಸರಿ ಬಿಡು, ಮುಚ್ಚು ಅದನ್ನ" ಎಂದರು. ಹೋಗಿ ಅಡುಗೆಮನೆಯಲ್ಲಿ ಸೊಪ್ಪು ಹೆಚ್ಚುತ್ತ ನಿಂತರು. ಅವತ್ತು ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಹಾಗೇ ಉಂಡೆವು.

ನಾನು ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದ ಹೆಂಗಸೊಬ್ಬರಿದ್ದರು, ನಾವೆಲ್ಲ ಪ್ಯಾಕಿಂಗ್ ಮೇಡಂ ಎನ್ನುತ್ತಿದ್ದೆವು. ಮೌಂಟ್ ಕೆನ್ಯಾದ ಪೂರ್ವದ ಇಳಿಜಾರಿನ ಊರಿನವರು, ಐವತ್ತೆಂಟು ವರ್ಷ, ನಿವೃತ್ತಿಗೆ ಹತ್ತಿರ. ಒಂದು ಲೇಬಲ್ ಓರೆಯಾಗಿ ಅಂಟಿದರೂ ಇಡೀ ಪೆಟ್ಟಿಗೆ ಬಿಚ್ಚಿಸುವಷ್ಟು ಕಟ್ಟುನಿಟ್ಟು. ಹಾಗಾಗಿ ಅವರನ್ನು ಕಂಡರೆ ನನಗೂ ಸ್ವಲ್ಪ ಅಳುಕಿತ್ತು. ಊರಿನಿಂದ ಬಂದಾಗಲೆಲ್ಲ ನನಗೆ ಬೆಣ್ಣೆಹಣ್ಣು ತರುತ್ತಿದ್ದರು. ಒಂದು ಭಾನುವಾರ ಹಣ್ಣಿನ ಚೀಲ ಹಿಡಿದು ಮನೆಗೇ ಬಂದರು. ಅತ್ತೆ ಅವರಿಗೆ ಬಿಸಿಬೇಳೆಬಾತ್ ಬಡಿಸಿದರು.

ಊಟದ ಕೋಣೆಯಲ್ಲಿ ಅತ್ತೆಯ ಕ್ಯಾಲೆಂಡರಿತ್ತು. ಹಿಂದಿನ ವರ್ಷದ್ದಾದರೂ ಮಾನಸ ಸರೋವರದ ಚಿತ್ರ ಇದೆಯೆಂದು ಅದನ್ನು ತೆಗೆದಿರಲಿಲ್ಲ. ಬಂದವರು ಅದನ್ನು ನೋಡಿ, "ಇದು ಯಾವ ನೀರು?" ಎಂದು ಕೇಳಿದರು. ಅವರು ಮಾತಾಡುವುದು ಇಂಗ್ಲಿಷಿನಲ್ಲಿ, ನಡುನಡುವೆ ಸ್ವಾಹಿಲಿ. ನಾನು ಚಿತ್ರದ ಕತೆಯನ್ನೂ ಕೆಂಪಕ್ಷರದ ಕತೆಯನ್ನೂ ಹೇಳಿದೆ.

ಅವರು ಚಮಚ ಕೆಳಗಿಟ್ಟರು. "ನಮ್ಮ ಬೆಟ್ಟದ ಮೇಲೂ ನೀರಿದೆ. ಕೆಳಗಿನ ಕೆರೆ ಒಂದು, ಮೇಲಿನ ಕೆರೆ ಒಂದು. ಮಳೆ ತಡವಾದ ವರ್ಷ ನನ್ನ ಅಜ್ಜಿ ಮೇಲಿನದಕ್ಕೆ ಹೋಗುತ್ತಿದ್ದಳು. ಅಜ್ಜಿ ಆದಮೇಲೆ ಅಮ್ಮ. ಈಗ ನಾನು. ಭೂಪಟದಲ್ಲಿ ಅದಕ್ಕೆ ಯಾರೋ ಬಿಳಿಯರ ಹೆಸರಿದೆ. ನಮ್ಮ ಮನೆಯಲ್ಲಿ ಬರೀ 'ಇರಿಯಾ' ಅಂತೀವಿ. ನಮ್ಮ ಮಾತಲ್ಲಿ ಕೆರೆಗೂ ಅದೇ, ಹಾಲಿಗೂ ಅದೇ."

"ನೀವು ಚರ್ಚಿಗೆ ಹೋಗುವವರಲ್ಲವಾ?" ಎಂದೆ ನಾನು.

"ಕಾಯರ್‌ನಲ್ಲಿ ಹಾಡುತ್ತೇನೆ. ಭಾನುವಾರ ಚರ್ಚಿನದು. ನೀರು ಅಜ್ಜಿಯದು" ಎಂದರು. ಆಮೇಲೆ ಅತ್ತೆಯ ಕಡೆಗೇ ತಿರುಗಿ ಕೇಳಿದರು: "ಫೆಬ್ರವರಿಯಲ್ಲಿ ಹೋಗುತ್ತೇನೆ. ಬರುತ್ತೀರಾ, ಮಾಮಾ?"

ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ. ಅತ್ತೆ ನನ್ನ ಕಡೆ ನೋಡಿ, "ನಾನ್ಯಾವಾಗ ಮಾಮ ಆದೆ?" ಎಂದು ನಕ್ಕರು. ನಾನು ವಿಷಯ ಬಿಡಿಸಿ ಹೇಳಿದೆ. ನಗು ನಿಂತಿತು. "ಎಷ್ಟು ದಿನ ನಡಿಗೆ ಅಂತ ಕೇಳು" ಎಂದರು.

ಮನೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. ನನ್ನ ಗಂಡ ಅಪ್ಪರ್ ಹಿಲ್‌ನ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ವಿಭಾಗದಲ್ಲಿದ್ದಾರೆ. ಎಲ್ಲದರಲ್ಲೂ ಮೊದಲು ಅಪಾಯ ಲೆಕ್ಕ ಹಾಕುವ ಮನುಷ್ಯ. "ಅಮ್ಮ, ಅಲ್ಲಿ ಉಸಿರಾಡಕ್ಕೇ ಗಾಳಿ ಇರಲ್ಲ" ಎಂದರು. "ಇರೋ ಅಷ್ಟು ಸಾಕು ಬಿಡೋ" ಎಂದರು ಅತ್ತೆ. ಕೊನೆಗೆ ಡಾಕ್ಟರು ಒಪ್ಪಿದರೆ ಮಾತ್ರ ಎಂದು ತೀರ್ಮಾನವಾಯಿತು. ಡಾಕ್ಟರು ಅತ್ತೆಯ ಎದೆ, ರಕ್ತ, ಮಂಡಿ ಎಲ್ಲ ಪರೀಕ್ಷೆ ಮಾಡಿ, ಬೆಟ್ಟದಲ್ಲಿ ವಯಸ್ಸಿಗಿಂತ ಅವಸರ ಕೆಟ್ಟದ್ದು, ನಿಧಾನಕ್ಕೆ ಹತ್ತಿ ಎಂದು ಕಳಿಸಿದರು. ನನ್ನನ್ನು ಪರೀಕ್ಷೆ ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೆ ನಲವತ್ತಾರು, ವಾರಕ್ಕೆ ಮೂರು ದಿನ ಓಡುತ್ತಿದ್ದೆ.

ಎರಡು ತಿಂಗಳು ಪ್ರತಿ ಶನಿವಾರ ನೈರೋಬಿಯ ಹೊರಗಿನ ನ್ಗಾಂಗ್ ಬೆಟ್ಟದ ಸಾಲಿನ ಮೇಲೆ ನಡೆದೆವು. ಅಲ್ಲಿಯ ಗಾಳಿ ಅತ್ತೆಯನ್ನು ಹಾರಿಸಿಕೊಂಡು ಹೋಗುತ್ತದೋ ಎಂದು ನನಗೆ ಭಯ. ಅವರು ಸೀರೆ ಬಿಟ್ಟು ಚೂಡಿದಾರ, ಮೇಲೊಂದು ಮಗನ ಹಳೆ ಜಾಕೆಟ್. ನಾನು ಮುಂದೆ ಓಡಿ ಓಡಿ ನಿಂತು ಕಾಯುತ್ತಿದ್ದೆ. ಅವರು ನಿಲ್ಲದೆ, ಅವಸರಪಡದೆ, ಮೂಗಿನಲ್ಲೇ ಉಸಿರಾಡುತ್ತ ಬಂದು ನನ್ನನ್ನು ದಾಟಿ ಹೋಗುತ್ತಿದ್ದರು.

ಫೆಬ್ರವರಿಯ ಒಂದು ಮಂಗಳವಾರ ಹೊರಟೆವು. ಮಗಳಿಗೆ ಪರೀಕ್ಷೆ, ಗಂಡ ಅವಳ ಜೊತೆ ಉಳಿದರು. ಅತ್ತೆ ತಂಬಿಟ್ಟು ಮಾಡಿ ಡಬ್ಬಿಗೆ ತುಂಬಿದ್ದರು. ಪ್ಯಾಕಿಂಗ್ ಮೇಡಂ ಬೇಯಿಸಿದ ನ್ಡೂಮ ತಂದಿದ್ದರು. ಅತ್ತೆ ಒಂದು ಬಾಯಿಗೆ ಹಾಕಿಕೊಂಡು, "ಅಯ್ಯೋ, ಇದು ಕೆಸವಿನ ಗಡ್ಡೆ ಕಣೆ!" ಎಂದು ಹಳೆ ಗೆಳತಿ ಸಿಕ್ಕಿದವರ ಹಾಗೆ ಖುಷಿಪಟ್ಟರು. ಥಿಕಾ, ಎಂಬು ಪಟ್ಟಣಗಳನ್ನು ದಾಟಿ ಟೀ ತೋಟಗಳ ಊರು ತಲುಪಿದೆವು. ಅಲ್ಲಿ ಮೇಡಂ ಅವರ ತಮ್ಮ ಕಾಯುತ್ತಿದ್ದರು. ಇಪ್ಪತ್ತು ವರ್ಷದಿಂದ ಆ ಬೆಟ್ಟದಲ್ಲಿ ಗೈಡ್. ಸಾಮಾನು ಹೊರಲು ಅವರದೇ ಊರಿನ ಇಬ್ಬರು ಗಂಡಸರಿದ್ದರು. ಹಳೆ ಲ್ಯಾಂಡ್ ರೋವರ್ ನಮ್ಮನ್ನು ಬಿದಿರು ಕಾಡಿನ ಕೆಸರಿನಲ್ಲಿ ಎತ್ತಿಹಾಕುತ್ತ ನ್ಯಾಷನಲ್ ಪಾರ್ಕಿನ ಗೇಟಿಗೆ ಮುಟ್ಟಿಸಿತು. ಅವತ್ತು ಅಲ್ಲಿಯ ಮರದ ಮನೆಯಲ್ಲಿ ಮಲಗಿ, ಮರುದಿನ ನಡೆಯಲು ಶುರುಮಾಡಿದೆವು.

ಗೈಡ್ ಮೊದಲ ಹೆಜ್ಜೆಯಿಂದಲೇ "ಪೋಲೆ ಪೋಲೆ" ಎನ್ನುತ್ತಿದ್ದರು. ಅತ್ತೆ ನನ್ನ ತೋಳು ಹಿಡಿದು ಮೆಲ್ಲಗೆ, "ಇವನ್ಯಾಕೆ ನನ್ನನ್ನ ಪೋಲಿ ಪೋಲಿ ಅಂತಾನೆ?" ಎಂದು ಕೇಳಿದರು. ನಿಧಾನ, ನಿಧಾನ ಎಂದರ್ಥ ಎಂದೆ. "ಹಾಗಾದ್ರೆ ನಿನಗೆ ಹೇಳ್ತಿರೋದು" ಎಂದರು. ನಿಜ, ನಾನೇ ಎಲ್ಲರಿಗಿಂತ ಮುಂದಿದ್ದೆ.

ಮರಗಳು ಮುಗಿದು, ಹೆದರ್ ಎಂಬ ಆಳೆತ್ತರದ ಪೊದೆಗಳು, ಅವುಗಳ ಮೇಲೆ ಬೂದುಬಣ್ಣದ ಗಡ್ಡದಂತೆ ಜೋತುಬಿದ್ದ ಪಾಚಿ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಕೆರೆ ಬಂತು. ಹುಲ್ಲಿನ ನಡುವೆ ಹರಡಿಕೊಂಡ, ಅಷ್ಟೇನೂ ಆಳವಿಲ್ಲದ ತಣ್ಣನೆ ನೀರು. ದಂಡೆಯಲ್ಲಿ ಡೇರೆ ಹಾಕಿದೆವು. ಎತ್ತರಕ್ಕೆ ಮೈ ಒಗ್ಗಲಿ ಎಂದು ಇನ್ನೊಂದು ಇಡೀ ದಿನ ಅಲ್ಲೇ ಉಳಿಯುವುದು ಗೈಡ್ ಮಾಡಿದ ಏರ್ಪಾಡು. ಆ ಬಿಡುವಿನ ದಿನ ಪ್ಯಾಕಿಂಗ್ ಮೇಡಂ ಅತ್ತೆಯ ಪಕ್ಕದಲ್ಲಿ ಕೂತು ಮೇಲಿನ ಕೆರೆಯ ಪದ್ಧತಿ ಹೇಳಿದರು. ನಾನು ಕನ್ನಡಕ್ಕೆ ತಂದೆ. ಕೂಗಬಾರದು. ಕಲ್ಲು ಎಸೆಯಬಾರದು. ಬೆರಳಿನಿಂದ ತೋರಿಸಬಾರದು. ನೀರಿಗೆ ಇಳಿಯಬಾರದು.

"ಸ್ನಾನ ಇಲ್ವಾ?" ಎಂದರು ಅತ್ತೆ.

"ಇಲ್ಲ. ಕಾಲೂ ಅದ್ದುವ ಹಾಗಿಲ್ಲ" ಎಂದರು ಅವರು.

ಅತ್ತೆಯ ಚೀಲದಲ್ಲಿ ಒಣ ಸೀರೆಯೊಂದು, ಟವೆಲೊಂದು ಇತ್ತು, ಮಿಂದ ಮೇಲೆ ಉಡಲು. ನನಗದು ಗೊತ್ತಿತ್ತು. ಅವರು ವಾದ ಮಾಡುತ್ತಾರೆ ಎಂದುಕೊಂಡೆ. ಅತ್ತೆ ಎದುರಿನ ನೀರನ್ನು ನೋಡಿ, "ಅವರ ಮನೆ. ಅವರು ಹೇಗೆ ಹೇಳ್ತಾರೋ ಹಾಗೆ" ಎಂದರು. ಸೀರೆ ಟವೆಲನ್ನು ಡೇರೆಯಲ್ಲೇ ಮಡಿಸಿಟ್ಟರು. ಅಷ್ಟು ವರ್ಷದ ಆಸೆಯನ್ನು ಅಷ್ಟು ಸಲೀಸಾಗಿ ಬದಿಗಿಡಲು ನನ್ನಿಂದಂತೂ ಆಗುತ್ತಿರಲಿಲ್ಲ.

ಅವತ್ತು ಸಂಜೆ ಗೈಡ್ ನಮ್ಮೆಲ್ಲರ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಹಾಕಿ ನೋಡಿದರು. ಅತ್ತೆಯದು ನನಗಿಂತ ಹೆಚ್ಚಿತ್ತು. ನನಗೆ ಹಣೆಯ ಹಿಂದೆ ಸಣ್ಣಗೆ ಬಿಗಿ ಶುರುವಾಗಿತ್ತು. ಹೇಳಲಿಲ್ಲ. ವಾರಕ್ಕೆ ಮೂರು ದಿನ ಓಡುವ ಹೆಂಗಸು ಎಪ್ಪತ್ತೊಂದರ ಅತ್ತೆಯ ಮುಂದೆ ತಲೆನೋವು ಎನ್ನುವುದು ಹೇಗೆ?

ಮರುದಿನ ಬೆಳಕು ಹರಿಯುವಾಗ ಹೊರಟೆವು. ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿ ಕೂತಿತ್ತು, ಕಾಲಿಟ್ಟಲ್ಲೆಲ್ಲ ಹಪ್ಪಳ ಮುರಿದಂತೆ ಸದ್ದು. ಏರು ಕಡಿದಾಯಿತು. ಎಲೆಕೋಸನ್ನು ಕಂಬದ ಮೇಲೆ ಇಟ್ಟಂಥ ವಿಚಿತ್ರ ಗಿಡಗಳು ಎರಡೂ ಬದಿಗೆ ನಿಂತಿದ್ದವು. ಮೊದಲ ಗಂಟೆ ಹೇಗೋ ಕಳೆಯಿತು. ಎರಡನೆಯದರಲ್ಲಿ ತಿಂದ ತಂಬಿಟ್ಟು ಹೊರಗೆ ಬಂತು. "ಏನಿಲ್ಲ, ಗ್ಯಾಸು" ಎಂದೆ. ಮೂರನೆಯದರಲ್ಲಿ ದಿಣ್ಣೆಯ ನೆತ್ತಿ ಮುಟ್ಟುವಷ್ಟರಲ್ಲಿ ಮತ್ತೆ ಎರಡು ಸಲ ವಾಂತಿಯಾಯಿತು. ನಡೆಯುವಾಗ ನೆಲ ಓರೆಯಾಗುತ್ತಿತ್ತು.

ಅಲ್ಲಿ, ನೆತ್ತಿಯ ಅಂಚಿನಲ್ಲಿ, ನೆಲ ಒಮ್ಮೆಲೇ ಮುಗಿಯುತ್ತದೆ. ಕೆಳಗೆ ದೊಡ್ಡ ಕಣಿವೆ, ಅದರ ತುಂಬ ಮೋಡ. ನಾನು ಕಲ್ಲಿಗೊರಗಿ ಕೂತೆ. ಗೈಡ್ ನನ್ನ ಕಣ್ಣು ನೋಡಿದರು, ಗೆರೆಯೊಂದರ ಮೇಲೆ ನಡೆಸಿ ನೋಡಿದರು. ಆಮೇಲೆ ಗಡುಸಾಗಿ, "ನೀವು ಇನ್ನು ಮುಂದೆ ಬರುವ ಹಾಗಿಲ್ಲ. ಈಗಲೇ ಕೆಳಗಿಳಿಯಬೇಕು. ನಾನು ಕರೆದುಕೊಂಡು ಹೋಗುತ್ತೇನೆ" ಎಂದರು.

"ನಾನೂ ಇಳೀತೀನಿ" ಎಂದರು ಅತ್ತೆ. ಒಂದು ಕ್ಷಣವೂ ಯೋಚಿಸಲಿಲ್ಲ. ಕಣಿವೆಯೊಳಗಿನ ಕೆರೆಗೆ ಇನ್ನು ಗಂಟೆಯ ದಾರಿ ಇತ್ತು.

"ಬೇಡ ಅತ್ತೆ. ನೀವು ಹೋಗಿ."

"ನಿನ್ನನ್ನ ಈ ಸ್ಥಿತೀಲಿ ಬಿಟ್ಟು ಯಾವ ಕೆರೆನೇ?"

"ನೀವು ಹೋಗಲ್ಲ ಅಂದ್ರೆ ನಾನು ಇಲ್ಲಿಂದ ಏಳಲ್ಲ" ಎಂದೆ. ಮಗುವಿನ ಹಟ. ಹೇಳುವಾಗ ಅಳುವೂ ಬಂತು. ಅರ್ಧ ತಲೆನೋವಿನಿಂದ, ಅರ್ಧ ಹೊಟ್ಟೆಕಿಚ್ಚಿನಿಂದ. ಸುಳ್ಳು ಯಾಕೆ ಹೇಳಲಿ, ಅವರು ಹೋಗಲಿ ಎಂದು ಮನಸಾರೆ ಬಯಸುತ್ತಿದ್ದರೂ ಅವರ ಕಾಲುಗಳನ್ನು ನೋಡಿ ನನಗೆ ಹೊಟ್ಟೆ ಉರಿದಿತ್ತು.

ಪ್ಯಾಕಿಂಗ್ ಮೇಡಂ ಮಧ್ಯೆ ಬಂದರು. "ದಾರಿ ನನಗೆ ಗೊತ್ತು. ಸಾಮಾನು ಹೊರುವ ಒಬ್ಬರನ್ನು ಜೊತೆಗೆ ಕರೆದುಕೊಳ್ಳುತ್ತೇನೆ. ನಿಮ್ಮ ಅತ್ತೆ ನನ್ನ ಕೈಯಲ್ಲಿರುತ್ತಾರೆ" ಎಂದರು. ಅತ್ತೆ ತಮ್ಮ ಸ್ಕೂಲ್ ಇಂಗ್ಲಿಷಿನಲ್ಲಿ ಗೈಡ್‌ನ ಮುಂದೆ ಬೆರಳೆತ್ತಿ, "ಶೀ ಓಕೆ? ಯೂ ಪ್ರಾಮಿಸ್?" ಎಂದು ಕೇಳಿದರು. ಅವರು ಟೋಪಿ ತೆಗೆದು, "ಪ್ರಾಮಿಸ್, ಮಾಮಾ" ಎಂದರು. ಆಮೇಲೆ ಅತ್ತೆ ನನ್ನ ಮುಂದೆ ಮಂಡಿಯೂರಿ ಕೂತು ನನ್ನ ಶೂಗಳ ದಾರ ಬಿಚ್ಚಿ, ಮತ್ತೆ ಬಿಗಿಯಾಗಿ ಕಟ್ಟಿದರು. "ಇಳಿಯೋವಾಗ ಬೆರಳು ಮುಂದಕ್ಕೆ ಜಾರಬಾರದು" ಎಂದರು. ಸೊಸೆಯ ಕಾಲು ಮುಟ್ಟುತ್ತಿದ್ದೇನೆ ಎಂಬ ಯೋಚನೆಯೇ ಅವರ ಮುಖದಲ್ಲಿರಲಿಲ್ಲ. ಅವರ ಪಾಲಿಗೆ ಟೀಮಿನ ಹುಡುಗಿಯೊಬ್ಬಳ ದಾರ ಸಡಿಲವಾಗಿತ್ತು, ಕಟ್ಟಿದರು, ಅಷ್ಟೇ.

ಅವರು ಮೂವರೂ ಕೆರೆಯ ಕಡೆ ಇಳಿದು ಹೋದ ಸ್ವಲ್ಪ ಹೊತ್ತಿಗೆ, ಗೈಡ್ ನನ್ನನ್ನು ಎಬ್ಬಿಸುವಾಗ, ಕಣಿವೆಯ ಮೋಡ ಸರಿಯಿತು. ಕೆಳಗೆ ಕೆರೆ ಕಂಡಿತು. ಅದರ ಹಿಂದೆ ನೇರ ಎದ್ದ ಕಪ್ಪು ಬಂಡೆಯ ಗೋಡೆ, ಅದರ ಬುಡಕ್ಕೆ ಹಸಿರೂ ಅಲ್ಲದ ಕಪ್ಪೂ ಅಲ್ಲದ ನೀರು, ಒಂದು ಅಲೆಯಿಲ್ಲ. ಇಳಿಜಾರಿನಲ್ಲಿ ಮೂರು ಚುಕ್ಕೆಗಳು. ಅತಿ ಚಿಕ್ಕದು ಯಾರೆಂದು ಕೇಳಬೇಕಿರಲಿಲ್ಲ. ಅದು ಮಧ್ಯದಲ್ಲಿ, ಒಂದೇ ವೇಗದಲ್ಲಿ ನಡೆಯುತ್ತಿತ್ತು. ನಾನು ಕೈ ಎತ್ತಿ ತೋರಿಸಹೋಗಿ, ಪದ್ಧತಿ ನೆನಪಾಗಿ, ಕೈ ಇಳಿಸಿದೆ. ಐದು ನಿಮಿಷ ಇದ್ದಿರಬಹುದು. ಮತ್ತೆ ಮೋಡ ಮುಚ್ಚಿತು. ಮೇಲಿನ ಕೆರೆಯನ್ನು ನಾನು ಕಂಡದ್ದು ಇಷ್ಟೇ.

ಇಳಿಯುತ್ತ ಇಳಿಯುತ್ತ ತಲೆ ಹಗುರವಾಯಿತು. ಡೇರೆ ತಲುಪಿ ಎರಡು ಗಂಟೆ ನಿದ್ದೆ ಮಾಡಿದೆ. ಎದ್ದ ಮೇಲೆ ಶುರುವಾಯಿತು ಕಾಯುವ ಕಷ್ಟ. ಮೂರಾಯಿತು, ನಾಲ್ಕಾಯಿತು. ಆಲಿಕಲ್ಲು ಬಿದ್ದು ನಿಂತಿತು. ಏನಾದರೂ ಆದರೆ ಗಂಡನಿಗೆ ಏನು ಹೇಳಲಿ? ಅವರಿಬ್ಬರ ನಡುವೆ ಸರಿಯಾಗಿ ಒಂದು ಭಾಷೆಯೂ ಇಲ್ಲ, ನೋವಾದರೆ ಅತ್ತೆ ಯಾವ ಮಾತಿನಲ್ಲಿ ಹೇಳುತ್ತಾರೆ? ಗೈಡ್ ಟೀ ಕೊಟ್ಟು, "ನನ್ನ ಅಕ್ಕನನ್ನು ನೀವು ಫ್ಯಾಕ್ಟರಿಯಲ್ಲಿ ಮಾತ್ರ ನೋಡಿದ್ದೀರಿ" ಎಂದರು.

ಐದೂವರೆಗೆ ದಿಣ್ಣೆಯ ಮೇಲೆ ಕಾಣಿಸಿಕೊಂಡರು. ಇಬ್ಬರೂ ಕೈ ಕೈ ಹಿಡಿದುಕೊಂಡಿದ್ದರು, ಶಾಲೆ ಬಿಟ್ಟು ಬರುವ ಹುಡುಗಿಯರ ಹಾಗೆ. ಸಾಮಾನಿನವರು ಹಿಂದೆ ನಗುತ್ತ ಬರುತ್ತಿದ್ದರು. ಅತ್ತೆಯ ಹಿಮ್ಮಡಿಯಲ್ಲಿ ಎರಡು ಬೊಕ್ಕೆ ಎದ್ದಿದ್ದವು. ತುಟಿ ಬಿರಿದಿತ್ತು. ನನ್ನನ್ನು ನೋಡಿದ ಕೂಡಲೇ ಕೇಳಿದ್ದು, "ಏನಾದ್ರೂ ತಿಂದ್ಯಾ?"

ಅಲ್ಲಿ ಏನಾಯಿತು ಎಂಬುದನ್ನು ಇಬ್ಬರಿಂದಲೂ ಬೇರೆಬೇರೆಯಾಗಿ ಕೇಳಿ ಜೋಡಿಸಿಕೊಂಡೆ. ದಂಡೆಯಿಂದ ಹತ್ತು ಹೆಜ್ಜೆ ಈಚೆಗೇ ಇಬ್ಬರೂ ಶೂ ಬಿಚ್ಚಿದರಂತೆ. ಪ್ಯಾಕಿಂಗ್ ಮೇಡಂ ಪುಟ್ಟ ಸೋರೆಬುರುಡೆಯಲ್ಲಿ ಹಾಲು ತಂದಿದ್ದರು, ಸ್ವಲ್ಪ ಹಾಲನ್ನು ನೆಲಕ್ಕೆ ಸುರಿದರಂತೆ, ನೀರಿಗಲ್ಲ. ಆಮೇಲೆ ಬುರುಡೆಯನ್ನು ಅತ್ತೆಯ ಕೈಗೆ ಕೊಟ್ಟು, ಉಳಿದದ್ದು ನಿಮ್ಮದು ಎಂದು ಸನ್ನೆ ಮಾಡಿದರಂತೆ.

"ನನ್ನ ಅಜ್ಜಿಯ ಬುರುಡೆ ಅದು. ಮನೆಯ ಹೊರಗಿನವರ ಕೈಗೆ ಯಾವತ್ತೂ ಕೊಟ್ಟಿರಲಿಲ್ಲ" ಎಂದರು ಮೇಡಂ ನನಗೆ. "ಸ್ನಾನ ಬೇಡ ಅಂದಾಗ ನಿಮ್ಮ ಅತ್ತೆ ಯಾಕೆ ಅಂತಲೂ ಕೇಳಲಿಲ್ಲ. ಆಗಲೇ ಕೊಡಬೇಕು ಅಂದುಕೊಂಡೆ. ಹಾಲು ಸುರಿದು ತುಂಬ ಹೊತ್ತು ನಿಮ್ಮ ಭಾಷೆಯಲ್ಲಿ ಮಾತಾಡಿದರು. ನನಗೆ ಒಂದಕ್ಷರ ತಿಳಿಯಲಿಲ್ಲ. ಮುಗಿದ ಮೇಲೆ ಆಮೆನ್ ಅಂದೆ."

"ಅಷ್ಟು ಹೊತ್ತು ಏನು ಹೇಳಿದ್ರಿ ಅತ್ತೆ? ಶ್ಲೋಕಾನಾ?" ಎಂದು ಕೇಳಿದೆ. ನಾನು ಅವರ ಹಿಮ್ಮಡಿಗೆ ಪಟ್ಟಿ ಅಂಟಿಸುತ್ತಿದ್ದೆ.

"ಶ್ಲೋಕ ಒಂದೂ ಬಾಯಿಗೆ ಬರಲಿಲ್ಲ ಕಣೆ. ಮೆಲ್ಲಗೇ ಹಾಜರಿ ಕೂಗಿದೆ."

"ಯಾರದು?"

"ಎಲ್ಲರದೂ. ನಿಮ್ಮ ಮಾವನದು. ಮೊದಲನೇ ವರ್ಷದ ಖೋಖೋ ಟೀಮಿನದು. ಬರಿಗಾಲಲ್ಲಿ ಆಡಿ ಜಿಲ್ಲಾ ಮಟ್ಟಕ್ಕೆ ಬಂದಿದ್ರಲ್ಲ, ಆ ಒಂಬತ್ತು ಜನ. ಅದರಲ್ಲಿ ಇಬ್ಬರು ಈಗಿಲ್ಲ. ಆಮೇಲೆ ಮಗಂದು, ನಿಂದು, ಮಗೂದು. ಈ ಹೆಂಗಸಿಂದೂ ಕೂಗಿದೆ. ಒಬ್ಬೊಬ್ಬರ ಹೆಸರು ಹೇಳಿ ಸ್ವಲ್ಪ ಕಾದೆ." ಇಷ್ಟು ಹೇಳಿ ಕಾಲು ಎಳೆದುಕೊಂಡು, "ಸಾಕು, ಗಟ್ಟಿಯಾಗಿ ಅಂಟಿದೆ" ಎಂದರು.

ನಾನು ಧೈರ್ಯ ಮಾಡಿ ಕೇಳಿದೆ. "ಮಾನಸ ಸರೋವರದ ಆಸೆ ಈಗ ತೀರಿತಾ?"

"ಇಲ್ಲ" ಎಂದರು. ಒಂಚೂರೂ ಬೇಸರವಿಲ್ಲದ ದನಿ. "ಅದು ಬೇರೆ, ಇದು ಬೇರೆ. ಅದಕ್ಕೆ ಬದಲು ಇದು ಅಂದ್ಕೊಂಡು ನಾನು ಹತ್ತಲಿಲ್ಲ. ಹಾಗೆ ಅಂದ್ಕೊಂಡಿದ್ರೆ ಇವರ ನೀರಿಗೆ ಅವಮಾನ ಮಾಡಿದ ಹಾಗಾಗ್ತಿತ್ತು."

ಮರುದಿನ ಗೇಟಿಗೆ ಇಳಿದು, ಅಲ್ಲಿಂದ ಟೀ ತೋಟಗಳಿಗೆ ಬಂದೆವು. ಫೋನಿಗೆ ಸಿಗ್ನಲ್ ಬಂದ ಕೂಡಲೇ ಗಂಡನ ಕರೆ. "ಅಮ್ಮ ಹೇಗಿದ್ದಾರೆ? ಉಸಿರು ಸರಿ ಇದೆಯಾ?" "ನಿಮ್ಮಮ್ಮ ಚೆನ್ನಾಗಿದ್ದಾರೆ. ನನ್ನನ್ನ ಕೇಳಿ" ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಪ್ಯಾಕಿಂಗ್ ಮೇಡಂ ತಮ್ಮ ಮನೆಯಲ್ಲಿ ನಮ್ಮನ್ನು ಕೂರಿಸಿ, ಅತ್ತೆಯ ಕಾಲಿಗೆ ಬಿಸಿನೀರು ತಂದಿಟ್ಟರು. ಫ್ಯಾಕ್ಟರಿಯಲ್ಲಿ ಹತ್ತು ವರ್ಷ ಅವರ ಪಕ್ಕದಲ್ಲೇ ಓಡಾಡಿದ್ದೇನೆ. ಲೇಬಲ್ ಓರೆಯಾದರೆ ಬೈಯುವವರು, ಊರಿನಿಂದ ಬೆಣ್ಣೆಹಣ್ಣು ತರುವವರು ಎಂದಷ್ಟೇ ನನಗೆ ಗೊತ್ತಿದ್ದದ್ದು. ಸೋಮವಾರ ಕೆಲಸಕ್ಕೆ ಹೋದಾಗ ನಾನೇ ಅವರ ವಿಭಾಗಕ್ಕೆ ಹೋಗಿ ಅವರ ಜೊತೆ ನಿಂತು ಟೀ ಕುಡಿದೆ. ಅವರು ನಿವೃತ್ತಿಯಾಗುವವರೆಗೂ ಅದು ತಪ್ಪಲಿಲ್ಲ.

ಅತ್ತೆ ಏಪ್ರಿಲ್‌ನಲ್ಲಿ ತುಮಕೂರಿಗೆ ಮರಳಿದರು. ಜೂನ್‌ನಲ್ಲಿ ಅವರ ಹಳೆ ಶಾಲೆಯವರು ಮಕ್ಕಳಿಗೆ ನಾಲ್ಕು ಮಾತು ಹೇಳಲು ಕರೆದರಂತೆ. ಆಫ್ರಿಕಾದ ಬೆಟ್ಟದ ಮೇಲಿನ ಕೆರೆಯ ಬಗ್ಗೆ, ಅದನ್ನು ಮೂರು ತಲೆಮಾರಿನಿಂದ ಕಾಯ್ದುಕೊಂಡು ಬಂದ ಹೆಂಗಸರ ಬಗ್ಗೆ ಅರ್ಧ ಗಂಟೆ ಮಾತಾಡಿದೆ ಎಂದು ಫೋನಿನಲ್ಲಿ ಹೇಳಿದರು. ಕೊನೆಗೆ ಒಬ್ಬಳು ಎದ್ದು, "ಸಿಂಹ ನೋಡಿದ್ರಾ ಮೇಡಂ?" ಎಂದು ಕೇಳಿದಳಂತೆ.

"ಇಲ್ಲ ಅಂದೆ. ಮೊಲದ ಹಾಗಿರೋ ಒಂದು ಪ್ರಾಣಿ ನೋಡಿದೆ, ಅದು ನನ್ನ ಚಪಾತಿ ತಿಂದುಕೊಂಡು ಹೋಯ್ತು ಅಂದೆ. ಎಲ್ಲ ನಕ್ಕವು."

"ಆಮೇಲೆ?"

"ಆಮೇಲೇನು, ಎಲ್ಲರನ್ನೂ ಎಬ್ಬಿಸಿ ಮೈದಾನಕ್ಕೆ ಕರ್ಕೊಂಡು ಹೋದೆ. ಮೂರು ಸುತ್ತು ನಡೆಸಿದೆ. ಓಡೋ ಹಾಗಿಲ್ಲ, ಬಾಯಿ ಮುಚ್ಚಿಕೊಂಡು, ಮೂಗಲ್ಲಿ ಉಸಿರು. ಹೆಡ್ ಮೇಡಮ್ಮೂ ನಡೆದ್ರು."